ಸಂಖ್ಯೆ 9,94,009ನ್ನು ಕಿಟಕಿ ಕೋಣೆಯಿಂದ ತೆರವುಗೊಳಿಸುವ ಬಗ್ಗೆ

ಪೂರ್ಣ ಸಂಖ್ಯೆಗಳ ವರ್ಗೀಕರಣ ಇಲಾಖೆ
(ಒಂದರಿಂದ ಹತ್ತು ಲಕ್ಷದವರೆಗೆ ಮಾತ್ರ)

ಕ್ರಮಾಂಕ: ಪೂಸಂವ/ಮೇಜು-997/ಗೋಡೆ/1
ದಿನಾಂಕ: ಸಹಿ ಒಣಗಿದ ದಿನವೇ ದಿನಾಂಕವೆಂದು ತಿಳಿಯತಕ್ಕದ್ದು

ಸುತ್ತೋಲೆ

ವಿಷಯ: ಸಂಖ್ಯೆ 9,94,009ನ್ನು ಅವಿಭಾಜ್ಯವೆಂದು ಘೋಷಿಸಿ ಗಂಟೆ ಬಾರಿಸಿರುವುದನ್ನು ಹಿಂಪಡೆಯುವ, ಮೇಜು 997ನ್ನು ಉಳಿಸಿಕೊಳ್ಳುವ ಹಾಗೂ ಪೂರ್ವದ ಗೋಡೆಯನ್ನು ಅಳತೆಗೆ ತಕ್ಕಂತೆ ಒಡೆಯುವ ಕುರಿತು.

ಉಲ್ಲೇಖ:
1. ಕಡತಗಳ ಸಂಚಾರ ನಿಯಮಾವಳಿ, ನಿಯಮ 4.
2. ಮೇಲಿನ ಕಚೇರಿಯ ಮಿತವ್ಯಯ ಆದೇಶ.
3. ಮೇಜು 997ರವರ ಮನವಿ.
4. ಮೇಜು 997ರವರ ಎರಡನೆಯ ಮನವಿ (ಮೊದಲನೆಯದನ್ನು ಓದಲು ಕೋರಿ).

ಪ್ರಸ್ತಾವನೆ:

ಇಲಾಖೆಗೆ ಹೊಸದಾಗಿ ಸೇರಿದವರ ಹಾಗೂ ಹಳಬರಲ್ಲಿ ಮರೆತವರ ಗಮನಕ್ಕೆ ಮೊದಲಿಗೆ ಕೆಲವು ಸಂಗತಿಗಳನ್ನು ತರಲಾಗಿದೆ. ಈ ಇಲಾಖೆಯಲ್ಲಿ ಪ್ರತಿಯೊಂದು ಪೂರ್ಣ ಸಂಖ್ಯೆಗೂ ಒಂದು ಕಡತವಿರುತ್ತದೆ. ಕಡತಗಳು ಸಂಖ್ಯೆಗಳ ಕ್ರಮದಲ್ಲೇ, ಒಂದರ ಹಿಂದೊಂದು, ಓಣಿಯಷ್ಟು ಉದ್ದದ ನಮ್ಮ ಸಭಾಂಗಣದ ಪಶ್ಚಿಮ ಬಾಗಿಲಿನಿಂದ ಒಳಬರುತ್ತವೆ. ಸಭಾಂಗಣದಲ್ಲಿ 168 ಮೇಜುಗಳಿವೆ. ಸಾವಿರದೊಳಗೆ ಅವಿಭಾಜ್ಯ ಸಂಖ್ಯೆಗಳು ಇರುವುದೇ ಅಷ್ಟು. ಒಂದೊಂದಕ್ಕೂ ಒಂದೊಂದು ಮೇಜು, ಒಬ್ಬೊಬ್ಬ ನೌಕರರು. ಮೊದಲ ಮೇಜು 2. ಅದರ ಬಲಕ್ಕೆ 3, ಅದರ ಬಲಕ್ಕೆ 5, ಹೀಗೆ ಸಾಲು ಸಾಗಿ, ಪೂರ್ವದ ಗೋಡೆಗೆ ಮೂಗು ತಾಗಿಸಿಕೊಂಡು ಕೊನೆಗೆ ನಿಂತಿರುವುದು ಮೇಜು 997.

ಮೇಜಿನವರ ಕೆಲಸ ಒಂದೇ. ಬಂದ ಸಂಖ್ಯೆಯನ್ನು ತಮ್ಮ ಸಂಖ್ಯೆಯಿಂದ ಭಾಗಿಸುವುದು. ಶೇಷ ಉಳಿಯದಿದ್ದರೆ 'ಭಾಗ ಹೋಯಿತು' ಎಂಬ ಮೊಹರು ಒತ್ತುವುದು. ಅಲ್ಲಿಗೆ ಆ ಸಂಖ್ಯೆ ಸಂಯುಕ್ತವೆಂದಾಗಿ ನೆಲಮಾಳಿಗೆಗೆ ಇಳಿಯುತ್ತದೆ. ಶೇಷ ಉಳಿದರೆ 'ಹೋಗದು' ಎಂದು ಬರೆದು ಬಲಗಡೆಯ ಮೇಜಿಗೆ ತಳ್ಳುವುದು. ಎಲ್ಲ ಮೇಜುಗಳನ್ನೂ ದಾಟಿ, ಯಾರಿಂದಲೂ ಭಾಗವಾಗದೆ ಉಳಿದದ್ದು ಅವಿಭಾಜ್ಯ. ಅದಕ್ಕೆ ಗಂಟೆ ಬಾರಿಸಿ, ಹಿತ್ತಾಳೆಯ ಫಲಕ ಬರೆಸಿ, ಕಿಟಕಿ ಇರುವ ಕೋಣೆಯಲ್ಲಿ ಇಡಲಾಗುತ್ತದೆ. ಅವಿಭಾಜ್ಯಗಳಿಗೆ ಜೊತೆಗಾರರು ಕಡಿಮೆಯಾದ್ದರಿಂದ ಹೊರಗಿನ ನೋಟವಾದರೂ ಇರಲಿ ಎಂಬುದು ಹಿಂದಿನವರ ಆಶಯ. (ತನ್ನದೇ ಸಂಖ್ಯೆಯ ಕಡತ ಮೇಜಿಗೆ ಬಂದಾಗ ಭಾಗಿಸತಕ್ಕದ್ದಲ್ಲ, ಎದ್ದು ನಿಂತು ದಾರಿ ಬಿಡತಕ್ಕದ್ದು. ಸಂಖ್ಯೆ 1 ಅವಿಭಾಜ್ಯವೂ ಅಲ್ಲ, ಸಂಯುಕ್ತವೂ ಅಲ್ಲವಾದ್ದರಿಂದ ಅದನ್ನು ಮೆಟ್ಟಿಲ ಮೇಲೆ ಇಡಲಾಗಿದೆ.)

ಕೆಲಸ ಒಂದೇ ಆದರೂ ಹೊರೆ ಒಂದೇ ಅಲ್ಲ. ಬಂದ ಸಂಖ್ಯೆಗಳಲ್ಲಿ ಅರ್ಧದಷ್ಟು ಮೇಜು 2ರಲ್ಲೇ ನಿಲ್ಲುತ್ತವೆ. ಅಲ್ಲಿನ ಹಿರಿಯರು ಕೊನೆಯ ಅಂಕವನ್ನು ಓರೆಗಣ್ಣಿನಲ್ಲಿ ನೋಡಿ, ಚಹಾ ಕುಡಿಯುತ್ತಲೇ ಮೊಹರು ಒತ್ತುವಷ್ಟು ಪಳಗಿದ್ದಾರೆ. ಬಲಕ್ಕೆ ಹೋದಂತೆಲ್ಲ ಕೆಲಸ ತೆಳುವಾಗುತ್ತದೆ. ಕೊನೆಯ ಮೇಜಿಗೆ ಬರುವ ಹೊತ್ತಿಗೆ ಭಾಗ ಹೋಗುವಂಥದ್ದು ಏನೂ ಉಳಿದಿರುವುದಿಲ್ಲ.

ಮೇಜು 997ರವರನ್ನು ಎಲ್ಲರೂ ಕೊನೆಯಕ್ಕ ಎನ್ನುತ್ತಾರೆ. ಸೇವಾ ಪುಸ್ತಕದಲ್ಲಿ ಬೇರೆ ಹೆಸರಿದೆ. ಯಾರೂ ಬಳಸದ ಕಾರಣ ಅದು ಹೊಸದಾಗಿಯೇ ಉಳಿದಿದೆ. ಕೊನೆಯಕ್ಕ ಸೇವೆಗೆ ಸೇರಿದಂದಿನಿಂದ ಒಂದೇ ಒಂದು ಸಂಖ್ಯೆಯನ್ನೂ ಶೇಷವಿಲ್ಲದೆ ಭಾಗಿಸಿರುವುದಿಲ್ಲ. ಇದು ಅವರ ಆಲಸ್ಯವಲ್ಲ, ಗಣಿತ. 997ರ ಎರಡರಷ್ಟಾದ 1,994 ಬಂದಾಗ ಅದು ಮೇಜು 2ರಲ್ಲೇ ನಿಂತಿತು. ಮೂರರಷ್ಟಾದ 2,991 ಮೇಜು 3ರಲ್ಲಿ ನಿಂತಿತು. 997ರ ಜೊತೆಗೆ ಯಾವ ಚಿಕ್ಕ ಸಂಖ್ಯೆಯನ್ನು ಗುಣಿಸಿದರೂ ಆ ಚಿಕ್ಕದಕ್ಕೆ ಎಡಗಡೆ ಎಲ್ಲೋ ಒಂದು ಮೇಜು ಇದ್ದೇ ಇದೆ. ಕಡತ ಅಲ್ಲೇ ಸಿಕ್ಕಿಬೀಳುತ್ತದೆ. ಎಡಗಡೆಯ ಯಾರ ಕೈಗೂ ಸಿಗದೆ ಕೊನೆಯಕ್ಕನವರೆಗೆ ಬಂದು, ಅವರಿಂದಲೇ ಭಾಗವಾಗಬೇಕಾದ ಮೊದಲ ಸಂಖ್ಯೆ 997ನ್ನು 997ರಿಂದಲೇ ಗುಣಿಸಿದ್ದು, ಅಂದರೆ 9,94,009. ಅದರ ನಂತರದ್ದು ಹತ್ತು ಲಕ್ಷವನ್ನು ಮೀರುವುದರಿಂದ ಇಲಾಖೆಯ ವ್ಯಾಪ್ತಿಗೇ ಬರುವುದಿಲ್ಲ. ಆದ್ದರಿಂದ ಸದರಿಯವರ ಪಾಲಿಗೆ ಇಡೀ ಸೇವೆಯಲ್ಲಿ ಸಂಖ್ಯೆ ಇದೊಂದೇ.

ಕೊನೆಯಕ್ಕ ಇದನ್ನು ಕೆಲಸಕ್ಕೆ ಸೇರಿದ ದಿನವೇ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡಿದ್ದಾಗಿ ಮನವಿಯಲ್ಲಿ ತಿಳಿಸಿದ್ದಾರೆ. ಸಾವಿರಕ್ಕೆ ಮೂರು ಕಡಿಮೆ. ಅದರ ವರ್ಗ ಹತ್ತು ಲಕ್ಷಕ್ಕೆ ಆರು ಸಾವಿರ ಕಡಿಮೆ, ಒಂಬತ್ತು ಹೆಚ್ಚು. ಅಲ್ಲಿಂದ ಇಲ್ಲಿಯವರೆಗೆ ಅವರ ಮೇಜಿಗೆ ಭಾಗಿಸಲು ಬಂದದ್ದೆಲ್ಲ ಅವಿಭಾಜ್ಯಗಳೇ. ಫಲಿತಾಂಶ ಮೊದಲೇ ಗೊತ್ತಿದ್ದರೂ ಸದರಿಯವರು ಒಂದೊಂದನ್ನೂ ಪೂರ್ತಿ ಭಾಗಿಸಿ, ಶೇಷವನ್ನು ಅಂದವಾಗಿ ಬರೆದು, ತಮ್ಮ ಮೇಜಿನ ಪಕ್ಕದಲ್ಲೇ ಇಳಿಬಿದ್ದಿರುವ ಹಗ್ಗ ಎಳೆದು ಗಂಟೆ ಬಾರಿಸುತ್ತ ಬಂದಿದ್ದಾರೆ. ಅಂದರೆ ಇಷ್ಟು ಕಾಲ ಇನ್ನೊಬ್ಬರ ಸಂಭ್ರಮಕ್ಕೆ ಗಂಟೆ ಹೊಡೆದದ್ದೇ ಇವರ ಸೇವೆ.

ಮನೆಯಲ್ಲಿ ಸಂಜೆ ನಡೆಯುತ್ತಿದ್ದ ಮಾತುಕತೆಯನ್ನೂ ಮನವಿಯಲ್ಲಿ ಸೇರಿಸಲಾಗಿದೆ. ಹೇಳಿಕೆಗಳನ್ನು ಆಡಿದಂತೆಯೇ ದಾಖಲಿಸತಕ್ಕದ್ದೆಂಬ ನಿಯಮವಿರುವುದರಿಂದ ಹಾಗೆಯೇ ಕೊಡಲಾಗಿದೆ. ಸದರಿಯವರು ಚಪ್ಪಲಿ ಬಿಡುವಾಗ ಅವರ ಅತ್ತೆ ಒಳಗಿನಿಂದ, "ಇವತ್ತು ಹೋಯ್ತೇನಮ್ಮಾ?" ಎಂದು ಕೇಳುತ್ತಾರೆ. "ಇಲ್ಲ ಅತ್ತೆ, ಶೇಷ ಉಳೀತು." "ಎಷ್ಟು ಉಳೀತು?" "ನಾನೂರ ಹನ್ನೆರಡು." "ಅಯ್ಯೋ, ಅಷ್ಟೊಂದಾ! ನಿನ್ನೆ ಇನ್ನೂರ ಚಿಲ್ಲರೆ ಇತ್ತಲ್ಲೇ. ಬಿಡು, ಕೈಕಾಲು ತೊಳ್ಕೊ. ನಾಳೆ ಕಡಿಮೆ ಆಗುತ್ತೆ." ಶೇಷವು ಜ್ವರದಂತೆ ದಿನೇದಿನೇ ಇಳಿಯುವ ವಸ್ತುವಲ್ಲವೆಂದು ಅತ್ತೆಯವರಿಗೆ ತಿಳಿಸಿ ಹೇಳುವ ಧೈರ್ಯ ತಮಗೆ ಈವರೆಗೆ ಬಂದಿಲ್ಲವೆಂದು ಸದರಿಯವರು ಒಪ್ಪಿಕೊಂಡಿರುತ್ತಾರೆ.

ಹೀಗಿರುವಾಗ ಮೇಲಿನ ಕಚೇರಿಯಿಂದ ಉಲ್ಲೇಖ (2)ರ ಮಿತವ್ಯಯ ಆದೇಶ ಬಂದಿದೆ. ಸಂಖ್ಯೆ 9,95,000 ಪಶ್ಚಿಮ ಬಾಗಿಲಿನಿಂದ ಒಳಗೆ ಕಾಲಿಡುವ ವೇಳೆಗೆ ಒಮ್ಮೆಯೂ ಶೇಷವಿಲ್ಲದೆ ಭಾಗಿಸದ ಮೇಜನ್ನು ರದ್ದುಪಡಿಸಿ, ಕುರ್ಚಿಯನ್ನು ಉಗ್ರಾಣಕ್ಕೂ ಕುಳಿತವರನ್ನು ಮನೆಗೂ ಕಳುಹಿಸತಕ್ಕದ್ದು ಎಂಬುದು ಅದರ ಸಾರ. ಸಾಲಿನಲ್ಲಿ ಅಂಥ ಮೇಜು ಒಂದೇ ಇತ್ತು. ಆದರೂ ಯಾರೂ ಗಾಬರಿಯಾಗಲಿಲ್ಲ. ಏಕೆಂದರೆ 9,94,009 ಅದಕ್ಕೆ ಮೊದಲೇ ಬರಲಿತ್ತು. ಪಕ್ಕದ ಮೇಜು 991ರವರು (ಇವರಿಗೆ ಸಾಲಿನಲ್ಲೆಲ್ಲ ಭಾವ ಎಂದು ಕರೆಯುವ ರೂಢಿ, ಯಾರಿಗೆ ಭಾವ ಎಂಬುದು ಕಡತದಲ್ಲಿ ಸ್ಪಷ್ಟವಿಲ್ಲ) ಆಗ ಹೇಳಿದ್ದು: "ನನ್ನ ವರ್ಗ ಬಂದಾಗ ನಾನೇ ಎರಡು ದಿನ ನಿದ್ದೆ ಮಾಡಿಲ್ಲ ಕಣೆ. ನಿಂದು ಬರೋವಾಗ ಇಡೀ ಸಾಲು ಎದ್ದು ನಿಲ್ಲುತ್ತೆ ನೋಡ್ತಾ ಇರು."

ಘಟನೆಯ ವಿವರ:

ಸದರಿ ದಿನ ಬೆಳಿಗ್ಗೆ 9,94,007 ಬಂದು ಮೇಜು 7ರಲ್ಲಿ ನಿಂತಿತು. 9,94,008 ಮೇಜು 2ನ್ನೇ ದಾಟಲಿಲ್ಲ. ಅದರ ಹಿಂದೆಯೇ 9,94,009 ಒಳಬಂದದ್ದನ್ನು ಕೊನೆಯಕ್ಕ ತಮ್ಮ ಕುರ್ಚಿಯ ಮೇಲೆ ಹತ್ತಿ ನಿಂತು ನೋಡಿದ್ದಾರೆ. (ಇದಕ್ಕೆ ಪ್ರತ್ಯೇಕ ಸಮಜಾಯಿಷಿ ಪಡೆಯಲಾಗಿದೆ.) ಇಡೀ ಸಾಲು ದಾಟಲು ಒಂದು ಕಡತಕ್ಕೆ ಸಾಮಾನ್ಯವಾಗಿ ವಾರ ಹಿಡಿಯುತ್ತದೆ. ಮೇಜು 3ರಲ್ಲಿ ಅಂಕಗಳನ್ನು ಎರಡು ಸಲ ಕೂಡುತ್ತಾರೆ, ಮೇಜು 7ರಲ್ಲಿ ಎದುರು ಕುಳಿತವರ ಜೊತೆ ಚರ್ಚಿಸುತ್ತಾರೆ, ನೂರರಿಂದ ಮುನ್ನೂರರವರೆಗಿನ ಮೇಜುಗಳು ಊಟದ ನಂತರ ಏನನ್ನೂ ಭಾಗಿಸುವುದಿಲ್ಲ. ವಾರ ಇದೆಯಲ್ಲ ಎಂದುಕೊಂಡ ಕೊನೆಯಕ್ಕ, ಅನುಮತಿ ಪಡೆದು, ಕನ್ನಡಕದ ಅಂಗಡಿಗೆ ಹೋಗಿದ್ದಾರೆ. ಕಾರಣ ಕೇಳಲಾಗಿ ಸದರಿಯವರ ಹೇಳಿಕೆ: "ಇಷ್ಟು ವರ್ಷ ಅಂದಾಜಿನ ಮೇಲೆ ಒಂಬತ್ತು ಯಾವುದು, ನಾಲ್ಕು ಯಾವುದು ಅಂತ ನೋಡ್ಕೊಂಡು ಬಂದೆ. ಇದೊಂದನ್ನ ಕಣ್ತುಂಬ ನೋಡ್ಬೇಕು ಅನ್ಸ್ತು ಸಾರ್. ಅದಕ್ಕೇ ಹೊಸ ಗಾಜು ಹಾಕ್ಸೋಣ ಅಂತ."

ಇಲ್ಲಿ ಇಲಾಖೆಯ ಚರಿತ್ರೆಯಲ್ಲೇ ಕಂಡಿರದ ಒಂದು ಅವ್ಯವಹಾರ ನಡೆದಿದೆ. ಕಡತ ಕೊನೆಯಕ್ಕನದೆಂದು ತಿಳಿದ ಸಾಲು ಅದನ್ನು ಬೇಗ ಬೇಗ ಮುಂದಕ್ಕೆ ಕಳುಹಿಸಿದೆ. ಮೇಜು 2ರ ಹಿರಿಯರು, "ಒಂದು ಉಳೀತು, ನಡಿ ಮುಂದಕ್ಕೆ!" ಎಂದದ್ದನ್ನು ಹಲವರು ಕೇಳಿದ್ದಾರೆ. ಮೇಜು 3ರಲ್ಲಿ ಅಂಕಗಳನ್ನು ಒಂದೇ ಸಲ ಕೂಡಿ ಮೂವತ್ತೊಂದು ಎಂದು ಬಿಟ್ಟಿದ್ದಾರೆ. ಮೇಜು 7ರಲ್ಲಿ ಚರ್ಚೆ ಇಲ್ಲದೆ ಎರಡು ಉಳಿಸಿದ್ದಾರೆ. ಊಟದ ನಂತರವೂ ಭಾಗಿಸಿದವರಿದ್ದಾರೆ. ಕಡತ ಕೈಯಿಂದ ಕೈಗೆ ಹಾರುತ್ತ, ಒಂದು ವಾರದ ದಾರಿಯನ್ನು ಒಂದು ಮಧ್ಯಾಹ್ನದಲ್ಲಿ ಕ್ರಮಿಸಿ ಭಾವನ ಮೇಜು ತಲುಪಿದೆ. ಭಾವನ ಹೇಳಿಕೆ: "ಮೂವತ್ತಾರು ಉಳೀತು. 'ಇನ್ನು ನಿಂದೇ ಕಣೆ, ತಗೋ' ಅಂತ ಬಲಗಡೆ ತಳ್ಳಿದೆ. ತಿರುಗಿ ನೋಡಿದ್ರೆ ಕುರ್ಚಿ ಖಾಲಿ. ಇಡೀ ಸಾಲು ಎದ್ದು ನಿಂತಿತ್ತು ಸಾರ್. ಖಾಲಿ ಕುರ್ಚಿಗೆ."

ಮುಂದೇನು ಎಂಬುದನ್ನು ನಿಯಮ 4 ಹೇಳುತ್ತದೆ. 'ಯಾವುದೇ ಮೇಜಿಗೆ ತಲುಪಿದ ಕಾಗದಕ್ಕೆ ಅದೇ ಸಂಜೆಯೊಳಗೆ ಉತ್ತರ ಬಾರದಿದ್ದಲ್ಲಿ, ಆ ಮೇಜಿನ ಅಡ್ಡಿಯಿಲ್ಲವೆಂದು ಭಾವಿಸತಕ್ಕದ್ದು.' ಸಂಜೆಯಾಯಿತು. ಉತ್ತರ ಬರಲಿಲ್ಲ. ಮೇಜು 997ರ ಅಡ್ಡಿಯಿಲ್ಲವೆಂದು ಭಾವಿಸಲಾಯಿತು. 9,94,009 ಅವಿಭಾಜ್ಯವಾಯಿತು.

ಅದು 997ರ ವರ್ಗವೆಂದು ಸಭಾಂಗಣದಲ್ಲಿ ನಿಂತಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಎಲ್ಲರಿಗೂ ಗೊತ್ತಿರುವುದು ಕಡತದಲ್ಲಿ ಇರಲಿಲ್ಲ. ಭಾವ ತಾವೇ ಕೊನೆಯಕ್ಕನ ಕುರ್ಚಿಯಲ್ಲಿ ಕುಳಿತು ಭಾಗಿಸಲು ಮುಂದಾದಾಗ, ಒಬ್ಬ ನೌಕರರು ಏಕಕಾಲಕ್ಕೆ ಎರಡು ಅವಿಭಾಜ್ಯಗಳ ಮೇಲೆ ಕೂರುವಂತಿಲ್ಲವೆಂದು ಅವರನ್ನು ಎಬ್ಬಿಸಲಾಗಿದೆ. ಕಡತ ಒಯ್ಯುವ ಹಿರಿಯ ಜವಾನರು ಹಗ್ಗ ಎಳೆದಿದ್ದಾರೆ. ಅವರ ಹೇಳಿಕೆ: "ನಿಯಮ ಅಂದ್ರೆ ನಿಯಮ. ಆದ್ರೂ ಮೆಲ್ಲಗೇ ಬಾರಿಸ್ದೆ. ನಾಲ್ಕು ಜನಕ್ಕಿಂತ ಹೆಚ್ಚು ಕೇಳ್ಸಿರಲ್ಲ."

ಮರುದಿನ ಬೆಳಿಗ್ಗೆ ಹೊಸ ಕನ್ನಡಕದೊಂದಿಗೆ ಬಂದ ಕೊನೆಯಕ್ಕನಿಗೆ ಮೊದಲು ಸ್ಪಷ್ಟವಾಗಿ ಕಂಡದ್ದು ಕಿಟಕಿ ಕೋಣೆಯ ಬಾಗಿಲಲ್ಲಿ ಹೊಳೆಯುತ್ತಿದ್ದ ಹಿತ್ತಾಳೆ ಫಲಕ. ಒಂಬತ್ತು, ಒಂಬತ್ತು, ನಾಲ್ಕು, ಸೊನ್ನೆ, ಸೊನ್ನೆ, ಒಂಬತ್ತು. ಕೆಳಗೆ 'ಅವಿಭಾಜ್ಯ'. ಗಾಜು ಸರಿಯಿಲ್ಲವೇನೋ ಎಂದು ಸದರಿಯವರು ಅದನ್ನು ಎರಡು ಸಲ ಒರೆಸಿಕೊಂಡಿದ್ದಾರೆ. ಆಮೇಲೆ ಅಳಲಿಲ್ಲ, ಕೂಗಾಡಲಿಲ್ಲ. ಕಡತವನ್ನು ಕೇಳಿ ಪಡೆದು, ನಿಂತ ನಿಲುವಿನಲ್ಲೇ, ಎಲ್ಲರ ಎದುರು, ದೊಡ್ಡ ಅಂಕಗಳಲ್ಲಿ ಭಾಗಿಸಿದ್ದಾರೆ. ಭಾಗಲಬ್ಧ 997. ಶೇಷ ಸೊನ್ನೆ. ನಿಂತು ಬರೆದದ್ದರಿಂದ ಸೊನ್ನೆ ದುಂಡಗೆ ಬಂದಿಲ್ಲವೆಂದು ಸದರಿಯವರೇ ಷರಾ ಬರೆದಿದ್ದಾರೆ.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಭಾಗಲಬ್ಧಕ್ಕೂ ಒಂದು ಮೇಜಿರುವ ಸಂಖ್ಯೆಯನ್ನು ಸಂಯುಕ್ತವೆಂದು ದೃಢಪಡಿಸಬೇಕಾದರೆ ಭಾಜಕದ ಮೇಜಿನವರದ್ದೊಂದು, ಭಾಗಲಬ್ಧದ ಮೇಜಿನವರದ್ದೊಂದು, ಹೀಗೆ ಎರಡು ಸಹಿ ಬೇಕು. ಇಲ್ಲಿ ಎರಡೂ ಒಬ್ಬರೇ. ಒಬ್ಬರು ತಮಗೆ ತಾವೇ ಸಾಕ್ಷಿಯಾಗುವಂತಿಲ್ಲ. ವರ್ಗಸಂಖ್ಯೆಗಳ ವಿಷಯದಲ್ಲಿ ಎರಡನೆಯ ಸಹಿಯನ್ನು ಬಲಗಡೆಯ ನೆರೆಯವರು ಹಾಕತಕ್ಕದ್ದೆಂದು ನಿಯಮವಿದೆ. 4ಕ್ಕೆ ಮೇಜು 3ರವರು ಸಹಿ ಹಾಕಿದ್ದಾರೆ. ಭಾವನ ವರ್ಗವಾದ 9,82,081ಕ್ಕೆ ಕೊನೆಯಕ್ಕನೇ ಹಾಕಿದ್ದಾರೆ. ಕೊನೆಯಕ್ಕನ ಬಲಗಡೆ ಇರುವುದು ಗೋಡೆ. ಗೋಡೆಗೆ ಸಹಿ ಬಾರದು. ಭಾವ ಎಡಗಡೆಯವರಾದ್ದರಿಂದಲೂ, ಸದರಿ ಸಂಖ್ಯೆಯಲ್ಲಿ ಮೂವತ್ತಾರು ಉಳಿಸಿದವರಾದ್ದರಿಂದಲೂ ಅವರ ಸಹಿ ನಡೆಯದು.

ಈ ಮಧ್ಯೆ ಕಡತಗಳು ಒಳಬರುತ್ತಲೇ ಇದ್ದು, ಈ ಸುತ್ತೋಲೆಯನ್ನು ಸಿದ್ಧಪಡಿಸುವ ಹೊತ್ತಿಗೆ 9,94,998 ಮೇಜು 2ರಲ್ಲಿದೆ. ಅದರ ಹಿಂದೆ 9,94,999. ಅದರ ಹಿಂದೆ ಬಾಗಿಲಾಚೆ 9,95,000 ನಿಂತಿದ್ದು, ಅದು ಒಳಗೆ ಕಾಲಿಟ್ಟರೆ ಮೇಜು 997 ಇಲ್ಲ. ಓರೆಗಣ್ಣಿನಲ್ಲಿ ಮೊಹರು ಒತ್ತುತ್ತಿದ್ದ ಮೇಜು 2ರ ಹಿರಿಯರು ಈಗ ಎಂದೂ ಇಲ್ಲದ ನಿಧಾನವನ್ನು ತೋರುತ್ತಿದ್ದಾರೆ. ಕಾರಣ ಕೇಳಿದ್ದಕ್ಕೆ ಅವರ ಹೇಳಿಕೆ: "ಕೊನೇಲಿ ಎಂಟಿದೆ, ಸರಿ. ಎಂಟು ಸಮ ಅಂತ ಎಲ್ಲರೂ ಹೇಳ್ತಾರೆ, ಅದೂ ಸರಿ. ಆದ್ರೆ ನಾನು ಖುದ್ದಾಗಿ ಯಾವತ್ತಾದ್ರೂ ಪರೀಕ್ಷೆ ಮಾಡಿದ್ದೀನಾ? ಇಲ್ಲ. ಇವತ್ತು ಮಾಡ್ತಾ ಇದ್ದೀನಿ. ಆತುರ ಪಡಿಸ್ಬೇಡಿ." ಮೇಜಿನ ಮೇಲೆ ಎಂಟು ಗುಂಡುಸೂಜಿಗಳನ್ನು ಜೋಡಿಸಿಕೊಂಡು ಸದರಿಯವರು ಅವನ್ನು ಇಬ್ಭಾಗ ಮಾಡುತ್ತಿರುವುದು ಕಂಡುಬಂದಿದೆ.

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಮೇಜು 997ರ ಬಲಗಡೆಗೆ, ಗೋಡೆಯ ಆಚೆ ಬದಿಯ ಜಗುಲಿಯಲ್ಲಿ, 997ರ ನಂತರದ ಅವಿಭಾಜ್ಯವಾದ 1009ಕ್ಕೆ ಒಂದು ಮೇಜನ್ನು ಈ ಮೂಲಕ ಸೃಜಿಸಲಾಗಿದೆ. ಇದಕ್ಕೆ ಮೇಲಿನ ಕಚೇರಿಯ ಒಪ್ಪಿಗೆ ಅಗತ್ಯವಿದ್ದು, ಕೋರಿಕೆ ಪತ್ರವನ್ನು ಹಿರಿಯ ಜವಾನರ ಮೂಲಕ ನಿನ್ನೆ ಸಂಜೆ ತಲುಪಿಸಲಾಗಿದೆ. ಪತ್ರ ತಲುಪಿದಾಗ ಮೇಲಿನ ಕಚೇರಿಯವರು ಮನೆಗೆ ಹೊರಡಲು ಛತ್ರಿ ಹುಡುಕುತ್ತಿದ್ದರೆಂದು ತಿಳಿದುಬಂದಿದೆ. ಸಂಜೆಯೊಳಗೆ ಉತ್ತರ ಬಾರದಿದ್ದ ಕಾರಣ, ನಿಯಮ 4ರ ಮೇರೆಗೆ ಸದರಿ ಕಚೇರಿಯ ಅಡ್ಡಿಯಿಲ್ಲವೆಂದು ಭಾವಿಸಲಾಗಿದೆ. ನಿಯಮ ಎಲ್ಲರಿಗೂ ಒಂದೇ.

2. ಹೊಸ ಮೇಜಿಗೆ ನೇಮಕಾತಿ ಆಗುವವರೆಗೆ ಇಲಾಖೆಯ ಮುಖ್ಯಸ್ಥರೇ ಅದರ ಪ್ರಭಾರ ವಹಿಸತಕ್ಕದ್ದು. ಮುಖ್ಯಸ್ಥರು ಬಲಗಡೆಯ ನೆರೆಯವರಾಗಿ 9,94,009ರ ಕಡತದಲ್ಲಿ ಇಂದು ಬೆಳಿಗ್ಗೆ ಎರಡನೆಯ ಸಹಿ ಹಾಕಿದ್ದಾರೆ.

3. ಮೇಜುಗಳ ನಡುವೆ ಕಾಗದ ಕೈದಾಟಲು ಗೋಡೆಯಲ್ಲಿ ಇಂದೇ ಒಂದು ಕಿಟಕಿ ತೆರೆಯತಕ್ಕದ್ದು. ಅಳತೆಯ ಬಗ್ಗೆ ವರ್ಗೀಕರಣ ಶಾಖೆಯ ಅಭಿಪ್ರಾಯ ಪಡೆಯಲಾಗಿದೆ. 9,94,009ನ್ನು ಎರಡು ವರ್ಗಗಳ ಮೊತ್ತವಾಗಿಯೂ ಬರೆಯಬಹುದೆಂದೂ, ಆ ಎರಡು 925 ಮತ್ತು 372ರ ವರ್ಗಗಳೆಂದೂ ಶಾಖೆ ವರದಿ ಮಾಡಿದೆ. ಅದರಂತೆ ಕಿಟಕಿ 925 ಮಿಲಿಮೀಟರ್ ಅಗಲ, 372 ಮಿಲಿಮೀಟರ್ ಎತ್ತರ ಇರತಕ್ಕದ್ದು. ಮೂಲೆಯಿಂದ ಮೂಲೆಗೆ ಅಳೆದರೆ ಸರಿಯಾಗಿ 997 ಬರತಕ್ಕದ್ದು. 996 ಬಂದಲ್ಲಿ ಗೋಡೆಯನ್ನು ಮತ್ತೆ ಕಟ್ಟಿ ಮತ್ತೆ ಒಡೆಯತಕ್ಕದ್ದು. ಈ ಬಗ್ಗೆ ಮೇಸ್ತ್ರಿಯವರ ಆಕ್ಷೇಪಣೆ ("ಎಲ್ಲರೂ ಉದ್ದ-ಅಗಲ ಹೇಳಿ ಸುಮ್ನಾಗ್ತಾರೆ. ಓರೆಯಾಗಿ ಅಳೆದು ತಕರಾರು ತೆಗೆಯೋ ಗಿರಾಕಿ ಇವರೇ ಮೊದಲು") ದಾಖಲಾಗಿದ್ದು, ತಳ್ಳಿಹಾಕಲಾಗಿದೆ.

4. ಸಂಖ್ಯೆ 9,94,009 ಅವಿಭಾಜ್ಯವೆಂಬ ಘೋಷಣೆಯನ್ನು ಹಿಂಪಡೆಯಲಾಗಿದೆ. ಬಾರಿಸಿದ ಗಂಟೆಯನ್ನು ಹಿಂಪಡೆಯುವ ವಿಧಾನ ನಿಯಮಾವಳಿಯಲ್ಲಿ ಇಲ್ಲದ್ದರಿಂದ, ಹಗ್ಗವನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ತಳ್ಳತಕ್ಕದ್ದು. ಮೊದಲ ಗಂಟೆ ಕೇಳಿ ಸಂತೋಷಪಟ್ಟವರು ಯಾರಾದರೂ ಇದ್ದಲ್ಲಿ ಆ ಸಂತೋಷವನ್ನು ಹಿಂದಿರುಗಿಸಿ ಹೊಸದನ್ನು ಪಡೆಯತಕ್ಕದ್ದು.

5. ಸದರಿ ಸಂಖ್ಯೆಯ ಅಂತಿಮ ವರ್ಗೀಕರಣ ಹೀಗಿದೆ: ಬೆಸ. ಸಂಯುಕ್ತ. ಪೂರ್ಣವರ್ಗ. ಭಾಜಕಗಳು ಮೂರೇ ಮೂರು: 1, 997 ಮತ್ತು ತಾನು. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿದರೆ ಬರುವುದು 998 ಮಾತ್ರ. ಮೊತ್ತ ತನಗಿಂತ ಕಡಿಮೆಯಾದ್ದರಿಂದ 'ನ್ಯೂನ'. ಕೊರತೆ 9,93,011 ಇದ್ದು, ಅದನ್ನು ತುಂಬಿಕೊಡುವಂತೆ ಸಂಖ್ಯೆಯನ್ನು ಯಾರೂ ಒತ್ತಾಯಿಸತಕ್ಕದ್ದಲ್ಲ. ಇನ್ನು, ಅಂಕಗಳನ್ನು ಒಂದೊಂದಾಗಿ ವರ್ಗ ಮಾಡಿ ಕೂಡುತ್ತ ಹೋದಾಗ ಕೊನೆಗೆ 1 ಬಂದರೆ ಸಂಖ್ಯೆ 'ಸುಖಿ'. ಇದಕ್ಕೆ 259, ಆಮೇಲೆ 110, ಆಮೇಲೆ 2, ಆಮೇಲೆ 4 ಬಂದು, ಅಲ್ಲಿಂದ ಸುತ್ತಿ ಸುತ್ತಿ ಮತ್ತೆ 4ಕ್ಕೇ ಬರುವುದರಿಂದ 'ಅಸುಖಿ' ಎಂದು ನಮೂದಿಸಲಾಗಿದೆ. ಇದು ತಾಂತ್ರಿಕ ಷರಾ. ಸಂಖ್ಯೆಯ ಮುಖ ನೋಡಿ ಬರೆದದ್ದಲ್ಲ. ನೌಕರರು ಕಡತದ ಬಳಿ ಹೋಗಿ ಸಮಾಧಾನ ಹೇಳುವುದನ್ನು ನಿಷೇಧಿಸಲಾಗಿದೆ.

6. ಸಂಯುಕ್ತವಾದ್ದರಿಂದ ಸದರಿ ಸಂಖ್ಯೆ ಕಿಟಕಿ ಕೋಣೆಯನ್ನು ತೆರವುಗೊಳಿಸತಕ್ಕದ್ದು. ಇಷ್ಟು ದಿನ ಅನುಭವಿಸಿದ ನೋಟವನ್ನು ವಸೂಲಿ ಮಾಡತಕ್ಕದ್ದಲ್ಲ. ನೆಲಮಾಳಿಗೆಯಲ್ಲಿ ಜಾಗ ಆಗುವವರೆಗೆ ಕಡತವನ್ನು ಮೇಜು 997ರ ಮೇಲೆ, ಹೊಸ ಕಿಟಕಿಯ ಕೆಳಗೆ ಇರಿಸಬಹುದು. ನೆಲಮಾಳಿಗೆಯಲ್ಲಿ ಸದ್ಯಕ್ಕೆ ಜಾಗ ಆಗುವ ಲಕ್ಷಣ ಇಲ್ಲ.

7. ಮೇಜು 997 ಭಾಗಿಸಿರುವುದು ದೃಢಪಟ್ಟಿರುವುದರಿಂದ ಮಿತವ್ಯಯ ಆದೇಶ ಅದಕ್ಕೆ ಅನ್ವಯಿಸುವುದಿಲ್ಲ. ಅಷ್ಟೇ ಅಲ್ಲ. ಮೇಜು 1009 ಬಂದದ್ದರಿಂದ, ಅದರ ನಂತರದ ಅವಿಭಾಜ್ಯವಾದ 1013ರ ವರ್ಗ, ಅಂದರೆ 10,26,169 ಬರುವವರೆಗೆ ಯಾವ ಸಂಖ್ಯೆಯನ್ನಾದರೂ ಇಲಾಖೆ ವರ್ಗೀಕರಿಸಬಲ್ಲದು. ಹತ್ತು ಲಕ್ಷ ಮುಟ್ಟಿದೊಡನೆ ಬಾಗಿಲು ಮುಚ್ಚಬೇಕಿದ್ದ ಇಲಾಖೆ ಈಗ ಮುಚ್ಚಬೇಕಿಲ್ಲ. ಇಷ್ಟು ಕಾಲ ಕೊನೆಯಕ್ಕನನ್ನು ಕಂಡು 'ಪಾಪ' ಎನ್ನುತ್ತಿದ್ದ ಉಳಿದ 167 ಮೇಜಿನವರು, ತಮ್ಮ ಕುರ್ಚಿಗಳೂ ಅವರ ವರ್ಗಸಂಖ್ಯೆ 9,94,009ರಿಂದಾಗಿಯೇ ಉಳಿದಿವೆ ಎಂಬುದನ್ನು ಗಮನಿಸತಕ್ಕದ್ದು. 'ಪಾಪ' ಎಂಬ ಪದವನ್ನು ಸಾಲಿನ ಬಳಕೆಯಿಂದ ತೆಗೆದುಹಾಕಲಾಗಿದೆ.

8. ಕೊನೆಯಕ್ಕ ಇನ್ನು ಕೊನೆಯವರಲ್ಲವಾದ್ದರಿಂದ ಅವರನ್ನು ಹಾಗೆ ಕರೆಯುವುದು ವಸ್ತುಸ್ಥಿತಿಗೆ ವಿರುದ್ಧ. ಬದಲಿ ಹೆಸರು ಸೂಚಿಸುವಂತೆ ಕೇಳಲಾಗಿ ಸದರಿಯವರು, "ಹಾಗೇ ಇರ್ಲಿ ಬಿಡಿ ಸಾರ್, ಈ ವಯಸ್ಸಲ್ಲಿ ಇನ್ನೊಂದು ಹೆಸರಿಗೆ ಓಗೊಡೋದು ಕಷ್ಟ" ಎಂದಿದ್ದಾರೆ. ಹಾಗೇ ಇರಲಿ.

9. ಪ್ರೀತಿಯ ಕಾರಣಕ್ಕೆ ಕಡತವನ್ನು ಬೇಗ ಮುಂದಕ್ಕೆ ಕಳುಹಿಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಸಹೋದ್ಯೋಗಿಗಳ ಮೇಲೆ ಪ್ರೀತಿ ಇರುವವರು ಅದನ್ನು ಎಂದಿನ ವಿಳಂಬದ ಮೂಲಕವೇ ವ್ಯಕ್ತಪಡಿಸತಕ್ಕದ್ದು. ಉದಾಹರಣೆಗೆ ಮೇಜು 2ರವರನ್ನು ನೋಡಿ ಕಲಿಯಬಹುದು.

10. ಮೇಜು 2ರವರ ಪರೀಕ್ಷೆಯ ಫಲಿತಾಂಶಕ್ಕೆ ಇನ್ನು ಕಾಯಬೇಕಾದ ಅಗತ್ಯವಿಲ್ಲ. ಎಂಟು ಸಮಸಂಖ್ಯೆ ಎಂದು ಈ ಮೂಲಕ ದೃಢಪಡಿಸಲಾಗಿದೆ. ಗುಂಡುಸೂಜಿಗಳನ್ನು ಡಬ್ಬಿಗೆ ಹಾಕಿ, 9,94,998ಕ್ಕೆ ಮೊಹರು ಒತ್ತಿ, 9,94,999ನ್ನು ಬರಮಾಡಿಕೊಳ್ಳತಕ್ಕದ್ದು. ಬಾಗಿಲಾಚೆ ಕಾಯುತ್ತಿರುವ 9,95,000ಕ್ಕೆ ಕೂರಲು ಒಂದು ಬೆಂಚು ಹಾಕತಕ್ಕದ್ದು. ಅದರ ಮೇಲೆ ಯಾರಿಗೂ ಸಿಟ್ಟಿಲ್ಲವೆಂದು ತಿಳಿಸತಕ್ಕದ್ದು.

11. ಮೇಜು 1009ಕ್ಕೆ ಮುಂದೆ ನೇಮಕಗೊಳ್ಳುವವರು ತಮ್ಮ ಮೊದಲ ಭಾಗಾಕಾರಕ್ಕಾಗಿ 10,18,081 ಬರುವವರೆಗೆ ಕಾಯಬೇಕಾಗುತ್ತದೆ. ಅಲ್ಲಿಯವರೆಗೆ ಜಗುಲಿಯಿಂದ ಬೀದಿ ನೋಡಲು ಅನುಮತಿ ಇದೆ. ಅದಕ್ಕೂ ಮೊದಲೇ ಅವರ ಸಹಿ ಬೇಕಾಗುತ್ತದೆ. ಕೊನೆಯಕ್ಕನ ಎರಡನೆಯ ಸಂಖ್ಯೆಯಾದ 10,05,973ರ ಭಾಗಲಬ್ಧ 1009 ಆಗಿದೆ. ಇದನ್ನು ಕೇಳಿದ ಕೊನೆಯಕ್ಕ, "ಎರಡನೇದೂ ಇದೆಯಾ ನಂಗೆ?" ಎಂದು ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡಿರುತ್ತಾರೆ. ಈ ಬಾರಿ ಗಾಜು ಸರಿಯಾಗಿಯೇ ಇತ್ತು.

12. ಎಲ್ಲ ಮೇಜಿನವರೂ ತಮ್ಮ ವರ್ಗಸಂಖ್ಯೆ ಬರುವುದಕ್ಕೆ ಸಾಕಷ್ಟು ಮುಂಚಿತವಾಗಿ ಕನ್ನಡಕ ಬದಲಾಯಿಸಿಕೊಳ್ಳತಕ್ಕದ್ದು.

ಈ ಸುತ್ತೋಲೆಯು ಮೇಜು 2ರಿಂದ ಹೊರಟು ಎಂದಿನ ವೇಗದಲ್ಲಿ ಸಾಲನ್ನು ದಾಟತಕ್ಕದ್ದು. ಮೇಜು 997ರವರು ಮಾತ್ರ ವಾರ ಕಾಯದೆ, ಕಿಟಕಿಯ ಮೂಲಕ ಇಂದೇ ಓದಿಕೊಳ್ಳಬಹುದು.

ಸಹಿ/-
ಮುಖ್ಯಸ್ಥರು,
ಪೂರ್ಣ ಸಂಖ್ಯೆಗಳ ವರ್ಗೀಕರಣ ಇಲಾಖೆ
ಹಾಗೂ ಪ್ರಭಾರ, ಮೇಜು 1009 (ಜಗುಲಿ)

ಪ್ರತಿಗಳು:

1. ಮೇಲಿನ ಕಚೇರಿಗೆ, ಮಾಹಿತಿಗಾಗಿ. ಉತ್ತರ ಇದ್ದಲ್ಲಿ ಸಂಜೆಯೊಳಗೆ.
2. ಮೇಜು 2ರವರಿಗೆ, ಗುಂಡುಸೂಜಿಗಳ ಸಹಿತ.
3. ಮೇಜು 991ರವರಿಗೆ. ಇಡೀ ಸಾಲು ಇನ್ನೊಮ್ಮೆ ಎದ್ದು ನಿಲ್ಲುವ ವ್ಯವಸ್ಥೆ ಮಾಡಲು. ಈ ಸಲ ಕುರ್ಚಿಯಲ್ಲಿ ಜನ ಇರುವುದನ್ನು ಮೊದಲು ಖಚಿತಪಡಿಸಿಕೊಂಡು.
4. ಹಿರಿಯ ಜವಾನರಿಗೆ. ಹಗ್ಗ ತಳ್ಳಲು. ಮೆಲ್ಲಗೆ ಬೇಡ.
5. ಮೇಸ್ತ್ರಿಯವರಿಗೆ, ಓರೆ ಅಳತೆಗಾಗಿ.
6. ಕನ್ನಡಕದ ಅಂಗಡಿಗೆ, ಮೆಚ್ಚುಗೆಗಾಗಿ.
7. ಸಂಖ್ಯೆ 1ಕ್ಕೆ, ಮೆಟ್ಟಿಲ ಮೇಲೆ.
8. ಮೇಜು 997ರವರ ಅತ್ತೆಯವರಿಗೆ. ಇವತ್ತು ಹೋಯಿತು. ಶೇಷ ಏನೂ ಉಳಿದಿಲ್ಲ.